ಪತ್ತೇದಾರಿ ಮೇಡಂ ಕುರ್ಚಿಯಲ್ಲಿ ಕೂತ ದಿನ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರ ಕುರ್ಚಿಗಳೂ ಕಿಟಕಿಯ ಕಡೆಗೆ ತಿರುಗಿದ್ದರೆ ಒಂದು ಮಾತ್ರ ಬಾಗಿಲಿನ ಕಡೆಗೆ ತಿರುಗಿರುತ್ತಿತ್ತು. ಅದು ಸಾಹಿತ್ಯ ಪಾಠ ಮಾಡುವ ಮೇಡಂ ಅವರದು. ಯಾರು ಬಂದರು, ಯಾರು ಹೋದರು, ಹೋಗುವಾಗ ಕೈಯಲ್ಲಿ ಏನಿತ್ತು, ಎಲ್ಲವೂ ಅವರಿಗೆ ಗೊತ್ತಾಗಬೇಕು. ಮಕ್ಕಳು ಅವರಿಗೆ ಪತ್ತೇದಾರಿ ಮೇಡಂ ಎಂದು ಹೆಸರಿಟ್ಟಿದ್ದರು. ಆ ಹೆಸರು ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ ನಾವು ಮೇಷ್ಟ್ರುಗಳೂ ಅದನ್ನೇ ಬಳಸುತ್ತಿದ್ದೆವು, ಅವರು ಕೋಣೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು.

ನಾನು ಡ್ರಾಯಿಂಗ್ ಮೇಷ್ಟ್ರು. ನನ್ನ ಮೇಜು ಅವರ ಮೇಜಿಗೆ ಅಂಟಿಕೊಂಡೇ ಇತ್ತು. ಮೇಡಂ ತಮ್ಮ ನೀರಿನ ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಪಾಠಕ್ಕೆ ಹೋಗುವರು. ಬಂದ ಮೇಲೆ ನೀರು ಅದೇ ಗೆರೆಯಲ್ಲಿದೆಯೇ ಎಂದು ನೋಡಿ ಆಮೇಲೆ ಕುಡಿಯುವರು. ಊಟದ ಡಬ್ಬಿಯ ಬಟ್ಟೆಗೆ ತಮ್ಮದೇ ಆದ ಒಂದು ಗಂಟು. ಹೊಸದಾಗಿ ಸೇರಿದ ವಿಜ್ಞಾನದ ಟೀಚರ್ ಒಬ್ಬಳು, ಪಾಪ, ಏನೂ ತಿಳಿಯದೆ, “ಇವತ್ತು ತುಂಬಾ ಚೆನ್ನಾಗಿ ಕಾಣ್ತಿದೀರ ಮೇಡಂ” ಎಂದುಬಿಟ್ಟಳು. ಇವರು ಆಕೆಯನ್ನು ಮೇಲಿಂದ ಕೆಳಗೆ ನೋಡಿ, “ಏನಾಗಬೇಕಿತ್ತು?” ಎಂದರು. ಆಮೇಲೆ ಆ ಹುಡುಗಿ ಯಾರನ್ನಾದರೂ ಹೊಗಳಿದ್ದು ನನಗೆ ನೆನಪಿಲ್ಲ.

ಅನುಮಾನ ಎಂಬುದು ನೆಗಡಿಯ ಹಾಗೆ, ಪಕ್ಕದಲ್ಲಿ ಕೂತವರಿಗೆ ಹತ್ತಿಕೊಳ್ಳುತ್ತದೆ. ಕೆಲವು ವರ್ಷ ಅವರ ಪಕ್ಕ ಕೂತ ಮೇಲೆ ನಾನೂ ಬ್ರಷ್‌ಗಳನ್ನು ಎಣಿಸಿ ಬೀರುವಿಗೆ ಬೀಗ ಹಾಕತೊಡಗಿದೆ. ಒಂದು ಸಂಜೆ ಹೆಂಡತಿಯನ್ನು “ಯಾಕೆ ಇವತ್ತು ಇಷ್ಟು ಖುಷಿಯಾಗಿದೀಯ?” ಎಂದು ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ ಒಳಗೆ ಹೋದಳು.

ಹಾಗೆಂದು ಅವರನ್ನು ಬರೀ ಆಡಿಕೊಳ್ಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಒಮ್ಮೆ ಒಂದು ಮಗು ಕೈ ಊದಿಸಿಕೊಂಡು ಬಂದು “ಮೆಟ್ಟಿಲ ಮೇಲೆ ಬಿದ್ದೆ” ಎಂದಿತು. ನಾವೆಲ್ಲ ನಂಬಿ, ಔಷಧಿ ಹಚ್ಚಿ, ಕೈ ತೊಳೆದುಕೊಂಡೆವು. ಇವರು ನಂಬಲಿಲ್ಲ. ಶಾಲೆ ಬಿಟ್ಟ ಮೇಲೆ ಮಗುವಿನ ಹಿಂದೆಯೇ ಮನೆಯವರೆಗೆ ಹೋಗಿ ನೋಡಿದರು. ಆ ಮನೆಯಲ್ಲಿ ಮೆಟ್ಟಿಲೇ ಇರಲಿಲ್ಲ. ಮಾರನೆಯ ವಾರದಿಂದ ಮಗು ಅಜ್ಜಿಯ ಮನೆಯಿಂದ ಶಾಲೆಗೆ ಬರತೊಡಗಿತು. ಅಂಥವರು ಅವರು.

ಅವರಿಗಿದ್ದದ್ದು ಒಬ್ಬಳೇ ತಂಗಿ, ಹೊಲಿಗೆ ಕೆಲಸದವಳು. ತಾಯಿ ಬಿಟ್ಟುಹೋದ ಮನೆಯಲ್ಲೇ ಇಬ್ಬರ ವಾಸ. ತಾಯಿ ತೀರಿಕೊಂಡ ವರ್ಷವೇ ಅಕ್ಕ ನಡುಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಬೀರು ಸರಿಸಿದ್ದರು. ಬೀರುವಿನ ಈಚೆ ಅಕ್ಕ, ಆಚೆ ತಂಗಿ. ಒಂದೇ ಸೂರು, ಎರಡು ಒಲೆ, ಮಾತಿಲ್ಲ ಕತೆಯಿಲ್ಲ. ಕಾರಣವನ್ನು ಒಂದೇ ಒಂದು ಸಲ ನನಗೆ ಹೇಳಿದ್ದರು: “ಅಮ್ಮ ಹಾಸಿಗೆ ಹಿಡಿದಾಗ ಇವಳೇ ಪಕ್ಕದಲ್ಲಿ ಕೂತಿರ್ತಿದ್ದಳು. ನಾನು ಬರೋ ಸದ್ದಾದರೆ ಸಾಕು, ಒಳಗಿಂದ ಕೇಳ್ತಿದ್ದ ದನಿ ಟಕ್ ಅಂತ ನಿಂತುಹೋಗೋದು. ಏನು ಕಿವಿ ಚುಚ್ಚಿದಳೋ ಏನೋ ಮೇಷ್ಟ್ರೇ. ಅಮ್ಮ ಕೊನೇವರೆಗೂ ನನ್ನ ಹತ್ತಿರ ಬಾಯಿ ಬಿಡಲಿಲ್ಲ.”

ಒಂದು ಶನಿವಾರ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ತಂಗಿ ನನಗಾಗಿ ಕಾಯುತ್ತ ನಿಂತಿದ್ದಳು. ಕತ್ತಿನಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ತೆಗೆಯಲು ಮರೆತಿರಬೇಕು. “ಬೇರೆ ಊರಲ್ಲಿ ಹೊಲಿಗೆ ಶಾಲೆಗೆ ಕರೆದಿದ್ದಾರೆ ಮೇಷ್ಟ್ರೇ. ಇರೋಕೆ ರೂಮೂ ಅಲ್ಲೇ. ಮಧ್ಯಾಹ್ನದ ಬಸ್ಸಿಗೆ ಹೊರಟೆ. ಇನ್ನು ವಾಪಸ್ ಬರೋ ಯೋಚನೆ ಇಲ್ಲ” ಎಂದು ಮುಂಬಾಗಿಲಿನ ಕೀ ನನ್ನ ಕೈಗಿಟ್ಟಳು. “ಅಕ್ಕಂಗೆ ಕೊಟ್ಟುಬಿಡಿ. ನಾನು ಕೊಟ್ರೆ ತಗೊಳ್ಳಲ್ಲ.”

ನಾನು ಸ್ಟಾಫ್ ರೂಮಿಗೆ ಹೋಗಿ ಕೀ ಕೊಟ್ಟು, ತಂಗಿ ಹೇಳಿದ್ದನ್ನು ಹೇಳಿದೆ. ಮೇಡಂ ಕೀಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

“ನಿಮ್ಮ ಕೈಗೇ ಯಾಕೆ ಕೊಟ್ಟಳು?”

“ನಿಮ್ಮ ಪಕ್ಕ ಕೂರೋನು ನಾನಲ್ವಾ, ಅದಕ್ಕೆ.”

“ಹೂಂ. ಬೀಗ ಬದಲಾಯಿಸಿ ಹಳೇ ಕೀ ಕೊಟ್ಟಿರ್ತಾಳೆ.”

“ಬಿಟ್ಟು ಹೋಗೋ ಮನೆಗೆ ಹೊಸ ಬೀಗ ಯಾಕೆ ಹಾಕ್ತಾಳೆ ಮೇಡಂ?” ಎಂದು ನಾನು ದನಿ ಏರಿಸಿದೆ.

“ಅದೇ ನಾನೂ ಯೋಚನೆ ಮಾಡ್ತಿದೀನಿ” ಎಂದರು, ಬಹಳ ಗಂಭೀರವಾಗಿ. ನನಗೆ ಅವರ ಬಾಟಲಿಯ ನೀರನ್ನೆಲ್ಲ ಕುಡಿದುಬಿಡೋಣ ಎನ್ನುವಷ್ಟು ಕೋಪ ಬಂತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ದಿನ ಇಬ್ಬರಿಗೂ ಒಂದೇ ತರಗತಿ. ಹೆಡ್‌ಮೇಡಂ ಹೊಸ ನಿಯಮ ತಂದಿದ್ದರು: ಕಾದಂಬರಿಯನ್ನು ಇನ್ನು ಮೇಲೆ ಭಾಷಣ ಮಾಡಿ ಕಲಿಸಬಾರದು, ಮಕ್ಕಳೇ ಗುಂಪಾಗಿ ಕೂತು ಪಾತ್ರವನ್ನು ಬಿಡಿಸಿ ನೋಡಬೇಕು. ಪತ್ತೇದಾರಿ ಮೇಡಂಗೆ ಇದು ಸುತರಾಂ ಇಷ್ಟವಿರಲಿಲ್ಲ. “ಗುಂಪು ಅಂದ್ರೆ ಒಬ್ಬಳು ಬರೀತಾಳೆ, ಮಿಕ್ಕವರು ತೂಕಡಿಸ್ತಾರೆ” ಎನ್ನುತ್ತಿದ್ದರು. ದೊಡ್ಡ ಕಾಗದದ ಮೇಲೆ ಆಳೆತ್ತರದ ಚಿತ್ರ ಬರೆಸಬೇಕಾಗಿದ್ದರಿಂದ ನನ್ನನ್ನೂ ಕರೆದಿದ್ದರು.

ಆ ವರ್ಷದ ಕಾದಂಬರಿ, ಎಷ್ಟೋ ವರ್ಷದಿಂದ ಅದೇ ಕಾದಂಬರಿ, ಒಬ್ಬ ಗಡಿಯಾರ ರಿಪೇರಿಯವನ ಕತೆ. ಅಣ್ಣ ತಮ್ಮ ಇಬ್ಬರದೂ ಒಂದೇ ಅಂಗಡಿ. ತಮ್ಮ ತನಗೆ ಮೋಸ ಮಾಡುತ್ತಿದ್ದಾನೆ ಎಂದು ಅಣ್ಣ ಅಂಗಡಿಯ ನಡುವೆ ಹಲಗೆ ಹೊಡೆಸುತ್ತಾನೆ. ಕೊನೆಗೆ ತಮ್ಮ ಊರು ಬಿಡುತ್ತಾನೆ. ಕತೆಯನ್ನು ಹೇಳುವವನು ಅಣ್ಣನೇ. ಮೇಡಂ ಪ್ರತಿ ವರ್ಷವೂ ಪಾತ್ರ ಪರಿಚಯ ಬರೆಸುತ್ತಿದ್ದದ್ದು ಒಂದೇ ಬಗೆ: ಇವನು ಎಚ್ಚರದ ಮನುಷ್ಯ, ಸ್ವಂತ ತಮ್ಮನಿಂದಲೇ ಮೋಸಹೋದವನು. ಮಕ್ಕಳು ಅದನ್ನು ಉರು ಹೊಡೆದು ಪಾಸಾಗುತ್ತಿದ್ದರು.

ಬೆಂಚುಗಳನ್ನು ಗೋಡೆಗೆ ಒತ್ತರಿಸಿದೆವು. ಕಂದು ಕಾಗದ ಅಂಟಿಸಿ ನೆಲಕ್ಕೆ ಹಾಸಿ, ಒಬ್ಬ ಹುಡುಗನನ್ನು ಮಲಗಿಸಿ ಸುತ್ತ ಗೆರೆ ಎಳೆಸಿದೆ. ಕಚಗುಳಿ ಎಂದು ಅವನು ಹೊರಳಾಡಿದ್ದರಿಂದ ಗಡಿಯಾರದವನ ಸೊಂಟ ಸ್ವಲ್ಪ ಸೊಟ್ಟಗಾಯಿತು. ಒಂದೊಂದು ಗುಂಪಿಗೆ ಚಿತ್ರದ ಒಂದೊಂದು ಭಾಗ ಹಂಚಿದೆವು: ಕಣ್ಣಿನ ಗುಂಪು ಅವನು ನೋಡಿದ್ದನ್ನು ಬರೆಯಬೇಕು, ಕೈಯ ಗುಂಪು ಅವನು ಮಾಡಿದ್ದನ್ನು, ಬೆನ್ನಿನ ಗುಂಪು ಅವನ ಬೆನ್ನ ಹಿಂದೆ ನಡೆದ ಮೋಸವನ್ನು. ಪ್ರತಿಯೊಂದು ಮಾತಿಗೂ ಪುಸ್ತಕದ ಪುಟ ತೋರಿಸಬೇಕು. ಪುಟದ ಕಟ್ಟಳೆ ಮೇಡಂ ಅವರದೇ. ಮಕ್ಕಳ ಬಾಯಿಮಾತನ್ನು ಅವರು ನಂಬುವವರಲ್ಲ.

ಕಣ್ಣಿನ ಗುಂಪು ತುಂಬಿ ಹರಿಯಿತು. ಕೈಯ ಗುಂಪು ಅಂಚಿನವರೆಗೂ ಗೀಚಿತು. ಬೆನ್ನಿನ ಗುಂಪು ಮಾತ್ರ ತಲೆಗೆ ತಲೆ ಕೊಟ್ಟು ಪಿಸುಗುಡುತ್ತ ಕೂತಿತ್ತು. ಮೇಡಂ ಹತ್ತಿರ ಹೋದ ಕೂಡಲೇ ಪಿಸುಮಾತು ನಿಂತಿತು. ಅವರ ಮುಖ ಬಿಗಿಯಿತು. ಕಾಗದದಲ್ಲಿ ಬೆನ್ನಿನ ಜಾಗ ಖಾಲಿ.

“ಏನಿದು? ಆಟ ಆಡ್ತಿದೀರಾ?”

ಗುಂಪಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು. “ಇಲ್ಲ ಮೇಡಂ. ಮೋಸ ಸಿಗಲಿಲ್ಲ. ಎಲ್ಲರೂ ಹುಡುಕಿದ್ವಿ.”

“ಸಿಗಲಿಲ್ಲ ಅಂದ್ರೆ? ಇಡೀ ಪುಸ್ತಕವೇ ಅದು!”

“ತಮ್ಮ ಮೋಸ ಮಾಡ್ತಿದಾನೆ ಅಂತ ಅಣ್ಣ ಹೇಳ್ತಾನೆ ಮೇಡಂ. ಮಾಡಿದ್ದು ಎಲ್ಲೂ ಇಲ್ಲ. ಅಣ್ಣ ನಿದ್ದೆ ಹೋದಾಗ ತಮ್ಮ ಬಂದು ಇವನ ಗಡಿಯಾರಗಳಿಗೆ ಕೀ ಕೊಟ್ಟು ಹೋಗ್ತಾನೆ. ಅದನ್ನ ಬರೀಬಹುದಾ?”

ಮೇಡಂ ನನ್ನ ಕಡೆ ತಿರುಗಿದರು. ನೀವೇ ಹೇಳಿಕೊಟ್ಟಿರಾ ಎಂದು ಆ ಕಣ್ಣು ಕೇಳುತ್ತಿತ್ತು. ನನಗೂ ಅನುಮಾನವೇ: ಮಕ್ಕಳು ಇವರ ಮನೆಯ ಬೀರುವಿನ ಕತೆ ಎಲ್ಲಿಂದಲೋ ತಿಳಿದುಕೊಂಡು ಬೇಕೆಂದೇ ಕೆಣಕುತ್ತಿದ್ದಾರೆಯೇ? ಒಬ್ಬೊಬ್ಬರ ಮುಖವನ್ನೂ ನೋಡಿದೆ. ಮುಖ ಬಿಡಿಸುವುದು ನನ್ನ ಕಸುಬು. ಅಲ್ಲಿ ಕುಚೋದ್ಯ ಕಾಣಲಿಲ್ಲ.

“ನಿಮಗೆ ಓದೋಕೆ ಬರಲ್ಲ ಅಷ್ಟೆ” ಎಂದು ಮೇಡಂ ಒಂದು ಕುರ್ಚಿಯನ್ನು ಎಳೆದು ಕೋಣೆಯ ನಡುವೆ ಹಾಕಿದರು. ಅದು ಚಟುವಟಿಕೆಯ ಎರಡನೆಯ ಭಾಗ: ಕುರ್ಚಿಯಲ್ಲಿ ಕೂತವರು ಪಾತ್ರವಾಗಿ ಮಾತಾಡಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಮಕ್ಕಳಲ್ಲಿ ಒಬ್ಬರು ಕೂರಬೇಕಿತ್ತು. ಮೇಡಂ ತಾವೇ ಕೂತರು. “ನಾನೇ ಗಡಿಯಾರದವನು. ಕೇಳಿ, ಏನು ಕೇಳ್ತೀರೋ.”

ಎರಡು ಜಡೆಯವಳು ಪುಸ್ತಕ ಎದೆಗವಚಿಕೊಂಡು ಮುಂದೆ ಬಂದಳು. “ನಿಮ್ಮ ಮೇಲೆ ಯಾರು ಸಂಚು ಮಾಡಿದ್ರು?”

“ಮನೆಯವರೇ. ಇನ್ಯಾರು?”

“ನಿಮಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗದೆ ಏನು? ಕಣ್ಣಿಲ್ವಾ ನನಗೆ?”

“ಕಣ್ಣಲ್ಲಿ ನೋಡಿದ್ದು ಒಂದು ಹೇಳಿ.”

ಮೇಡಂ ಮುಂದಕ್ಕೆ ಬಾಗಿದರು. ದನಿ ಇಳಿಯಿತು, ಅದು ಪಾಠದ ದನಿಯಾಗಿರಲಿಲ್ಲ. “ನಾನು ಬರೋ ಸದ್ದು ಕೇಳಿದ ಕೂಡಲೇ ಒಳಗೆ ಮಾತು ನಿಂತುಹೋಗೋದು. ಬಾಗಿಲು ತೆಗೆದರೆ ನನ್ನ ತಂಗಿ ಅಮ್ಮನ ಹಾಸಿಗೆ ಪಕ್ಕ ಕೂತಿರೋಳು. ಇಬ್ಬರೂ ಏನೂ ಆಗಿಲ್ಲ ಅನ್ನೋ ಹಾಗೆ ನನ್ನ ಮುಖ ನೋಡೋರು. ಒಂದು ದಿನ ಅಲ್ಲ, ದಿನಾ.”

ಪುಟ ಹುಡುಕುವ ಕೆಲಸ ಗುಂಗುರು ಕೂದಲಿನ ಒಬ್ಬ ಹುಡುಗಿಯದು. ಅವಳು ಶ್ರದ್ಧೆಯಿಂದ ಹಾಳೆ ಮಗುಚಿದಳು. ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು.

“ಮೇಡಂ,” ಎಂದಳು ಕೊನೆಗೆ, “ಈ ಪುಸ್ತಕದಲ್ಲಿ ತಂಗಿ ಇಲ್ಲ. ಅಮ್ಮನೂ ಇಲ್ಲ.”

ಮೇಡಂ ಮುಖದಿಂದ ರಕ್ತ ಇಳಿದುಹೋಯಿತು. ಆಟ ಇನ್ನೂ ನಡೆಯುತ್ತಿದೆ ಎಂದೇ ತಿಳಿದಿದ್ದ ಎರಡು ಜಡೆಯವಳು ಮಾತ್ರ ನಿಲ್ಲಿಸಲಿಲ್ಲ. “ಅವರು ಏನು ಮಾತಾಡ್ತಿದ್ರು ಅಂತ ನೀವು ಕೇಳಿದ್ರಾ?”

“ಇಲ್ಲ.”

“ಯಾಕೆ ಕೇಳಲಿಲ್ಲ?”

ನಾನು ಹೋಗಿ ನೆಲದ ಮೇಲಿದ್ದ ಕಾಗದ ಸುತ್ತುವ ನೆಪದಲ್ಲಿ ಮಕ್ಕಳಿಗೂ ಅವರಿಗೂ ನಡುವೆ ನಿಂತೆ. “ಇವತ್ತಿಗೆ ಸಾಕು, ಮನೆಗೆ ಹೋಗಿ” ಎಂದೆ. ಶನಿವಾರವಾದ್ದರಿಂದ ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ.

ತರಗತಿ ಖಾಲಿಯಾದ ಮೇಲೂ ಅವರು ಆ ಕುರ್ಚಿಯಲ್ಲೇ ಇದ್ದರು. ಮಡಿಲಲ್ಲಿ ತಂಗಿಯ ಕೀ.

“ಬಸ್ಸು ಮಧ್ಯಾಹ್ನ ಅಂದಳಾ?”

“ಹೌದು. ನನ್ನ ಸ್ಕೂಟರ್ ಇದೆ, ನಡೀರಿ.”

ಎದ್ದರು. ಸ್ಕೂಟರ್ ಹತ್ತಿರ ಬಂದು ಒಂದು ಕ್ಷಣ ನಿಂತು, “ಬ್ರೇಕ್ ಸರಿ ಇದೆಯಾ?” ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಸ್ ನಿಲ್ದಾಣದಲ್ಲಿ ತಂಗಿ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ಸುತ್ತಿದ ಹೊಲಿಗೆ ಯಂತ್ರ, ಒಂದು ಚೀಲ. ಅಕ್ಕನನ್ನು ನೋಡಿ ಎದ್ದಳು. ಕೀಯ ವಿಷಯಕ್ಕೇ ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡಿರಬೇಕು, ಚೀಲವನ್ನು ಹೆಗಲಿಗೇರಿಸಿಕೊಂಡು ನಿಂತಳು. ನಾನು ಸ್ವಲ್ಪ ದೂರದಲ್ಲೇ ಉಳಿದೆ. ಆದರೆ ಮಾತು ಕೇಳಿಸುತ್ತಿತ್ತು.

“ಒಂದು ಕೇಳ್ತೀನಿ” ಎಂದರು ಮೇಡಂ. “ನಾನು ಒಳಗೆ ಬಂದ ಕೂಡಲೇ ನೀನೂ ಅಮ್ಮನೂ ಮಾತು ನಿಲ್ಲಿಸ್ತಿದ್ರಲ್ಲ. ಏನು ಮಾತಾಡ್ತಿದ್ರಿ?”

ತಂಗಿ ಅರ್ಥವಾಗದೆ ನೋಡಿದಳು. ಆಮೇಲೆ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು.

“ಮಾತೆಲ್ಲಿತ್ತು ಅಕ್ಕ? ಅಮ್ಮ ನರಳ್ತಿದ್ಲು. ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ತುಟಿ ಕಚ್ಚಿ ಹಿಡ್ಕೊಳ್ಳೋಳು. ಗೊತ್ತಾದ್ರೆ ಅಕ್ಕ ಕೆಲಸ ಬಿಟ್ಟು ಬಂದು ಕೂತ್ಕೋತಾಳೆ, ಅವಳಿಗೆ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ಲು. ನೀನು ಕೇಳಲೇ ಇಲ್ಲ. ಕೇಳಿದ್ರೆ ಆಣೆ ಮುರಿದಾದ್ರೂ ಹೇಳಿಬಿಡ್ತಿದ್ದೆ.”

ಆಗ ಮೇಡಂ ಸುಮ್ಮನಿದ್ದಿದ್ದರೆ ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ. ಕೈ ಹಿಡಿದುಕೊಂಡಿದ್ದರೆ, ಅತ್ತುಬಿಟ್ಟಿದ್ದರೆ ಸಾಕಿತ್ತು. ಆದರೆ ಇಷ್ಟು ವರ್ಷದ ಅಭ್ಯಾಸ ನಾಲಗೆಯ ಮೇಲೆಯೇ ಕಾದು ಕೂತಿತ್ತು.

“ನಿಜ ತಾನೇ?” ಎಂದರು.

ತಂಗಿ ಚೀಲವನ್ನು ಮತ್ತೆ ಎತ್ತಿಕೊಂಡಳು. ಬಸ್ಸು ಬಂತು. ಕಂಡಕ್ಟರ್ ಯಂತ್ರವನ್ನು ಮೇಲೆ ಹಾಕಿಸಿದ. ಅವಳು ಹತ್ತಿ ಕಿಟಕಿಯ ಪಕ್ಕ ಕೂತು ನೇರ ಮುಂದೆ ನೋಡತೊಡಗಿದಳು. ಇಂಜಿನ್ ಗುರ್ ಎಂದಾಗ ಮೇಡಂಗೆ ಎಚ್ಚರವಾದಂತಾಯಿತು. ಓಡಿಹೋಗಿ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಕೀ ಚಾಚಿದರು.

“ಇದು ನಿನ್ನದೇ. ಇಟ್ಕೋ. ನಡುಬಾಗಿಲ ಬೀರು ಇವತ್ತೇ ಸರಿಸ್ತೀನಿ. ಯಾವಾಗ ಬೇಕಾದ್ರೂ ಬಾ.”

ತಂಗಿ ಕೀ ತೆಗೆದುಕೊಂಡಳು. ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಬೆಳಿಗ್ಗೆ ಅಕ್ಕ ನೋಡಿದ ಹಾಗೆಯೇ.

“ಬೀಗ ಬದಲಾಯಿಸಲ್ಲ ತಾನೇ?” ಎಂದಳು.

ತಮಾಷೆಗೆ ಅಂದಳೋ ನಿಜಕ್ಕೂ ಕೇಳಿದಳೋ ನನಗೆ ಗೊತ್ತಾಗಲಿಲ್ಲ. ಮುಖ ಓದುವ ನನ್ನ ಕಸುಬು ಅಲ್ಲಿ ಕೈಕೊಟ್ಟಿತು. ಮೇಡಂ ಬಾಯಿ ತೆರೆದರು, ಅಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಅವರು ನಿಲ್ದಾಣದ ಬೆಂಚಿನ ಮೇಲೆ ತಂಗಿ ಕೂತಿದ್ದ ಜಾಗದಲ್ಲೇ ಕೂತರು. ಆಮೇಲೆ ನನ್ನ ಕಡೆ ತಿರುಗಿದರು. ಆ ಕಣ್ಣಲ್ಲಿ ನಾನು ಮೊದಲ ಬಾರಿಗೆ ಹೆದರಿಕೆ ಕಂಡೆ.

“ಬದಲಾಯಿಸಲ್ಲ ಅಂತ ಬರೆದು ಕಳಿಸ್ತೀನಿ ಮೇಷ್ಟ್ರೇ,” ಎಂದರು. “ನಂಬ್ತಾಳಾ?”