ಗುಂಡಿ ಎರಡಕ್ಕೆ ಹಾಕ್ರೀ!
ಸೈಕಲ್ ಪಂದ್ಯದ ತಿರುವಿನಲ್ಲಿ ನಿಂತು ಫೋಟೊ ತೆಗೆಯುವವರಲ್ಲೆಲ್ಲ ಹಿರಿಯನಾದ ಈತನಿಗೆ ಉಳಿದವರು ಇಟ್ಟ ಹೆಸರು ಸಿಡಿಮದ್ದು. ಪಕ್ಕದವನ ಮುಖಕ್ಕಿಂತ ಮೊದಲು ಅವನ ಲೆನ್ಸಿನ ಮೇಲೆ ಸಿಡಿಮದ್ದಿನ ಕಣ್ಣು ಬೀಳುತ್ತದೆ. ಕೈನಡುಕ ತಡೆಯುವ ಗುಂಡಿ ಅಲ್ಲಿ ಒಂದನೇ ಅಂಕಿಯಲ್ಲಿದ್ದರೆ ಕತೆ ಮುಗಿಯಿತು. "ಏನ್ ಸ್ವಾಮಿ, ಸೈಕಲ್ ಫೋಟೊ ತೆಗೀತೀರೋ, ಗೋಡೆದೋ? ಒಂದರಲ್ಲಿಟ್ರೆ ಸೈಕಲ್ ಜೊತೆ ನೀವು ಈ ಕಡೆ ತಿರುಗಿದಾಗ ಲೆನ್ಸು ಆ ಕಡೆ ಎಳೆಯುತ್ತೆ! ಎರಡಕ್ಕೆ ಹಾಕ್ರೀ, ಮೇಲೆ ಕೆಳಗೆ ಅಲುಗೋದನ್ನ ಮಾತ್ರ ತಡೆಯುತ್ತೆ, ಪಕ್ಕಕ್ಕೆ ತಿರುಗೋಕೆ ಬಿಡುತ್ತೆ!" ಕ್ಯಾಮೆರಾ ಅಂಗಡಿಯಲ್ಲೂ ಅದೇ ಜಗಳ. ಹೊಸ ಲೆನ್ಸ್ ಪೆಟ್ಟಿಗೆಯಿಂದ ಹೊರಬರುವಾಗ ಗುಂಡಿ ಒಂದರಲ್ಲೇ ಯಾಕಿರಬೇಕು ಎಂದು ಗಲ್ಲಾ ಪೆಟ್ಟಿಗೆ ಕುಟ್ಟುತ್ತಾನೆ. ಮಾಡಿದವನು ಕೈಗೆ ಸಿಗುವುದಿಲ್ಲವಲ್ಲ, ಮಾರಿದವನೇ ತಲೆ ಒಡ್ಡಬೇಕು. ಇಷ್ಟೊಂದು ಉರಿ ಯಾಕೆಂಬುದು ಅವನ ಮನೆಗೆ ಹೋದವರಿಗೆ ಗೊತ್ತು. ಅವನ ಹೆಂಡತಿ ಗೆದ್ದ ಒಂದೇ ಒಂದು ಸೈಕಲ್ ಪಂದ್ಯದ ಫೋಟೊ ನಡುಮನೆಯ ಗೋಡೆಯಲ್ಲಿದೆ. ತೆಗೆದವನು ಇವನೇ, ಗುಂಡಿ ಒಂದರಲ್ಲಿಟ್ಟು. ಹಿಂದಿದ್ದ ಟೈರ್ ಅಂಗಡಿಯ ಬೋರ್ಡಿನ ಅಕ್ಷರ ಅಕ್ಷರವೂ ಸ್ಪಷ್ಟ. ಅವಳ ಮುಖ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿದೆ. "ಕಿತ್ತು ಬಿಸಾಕೇ ಅದನ್ನ!" ಎಂದು ಆಗಾಗ ಕೂಗುತ್ತಾನೆ. ಅವಳು ಫೋಟೊದ ಧೂಳು ಒರೆಸುತ್ತಾ, "ಇರ್ಲಿ ಬಿಡ್ರೀ, ಬಂದೋರು ಟೈರ್ ಅಂಗಡಿ ಫೋಟೊ ಅಂದ್ಕೊಳ್ಳಲಿ. ಗೆದ್ದೋಳು ನಾನೇ ಅಂತ ನಿಮಗೊಬ್ರಿಗೆ ಗೊತ್ತಲ್ಲ" ಎನ್ನುತ್ತಾಳೆ. ಅವಳಿಗೆ ಬೈಯಬೇಕೆಂದಿದ್ದ ಬೈಗುಳವನ್ನು ಸಿಡಿಮದ್ದು ಹಾಗೇ ಕಟ್ಟಿಟ್ಟುಕೊಳ್ಳುತ್ತಾನೆ. ಮರುದಿನ ತಿರುವಿನಲ್ಲಿ ನಿಂತವರಿಗೆ ಅದೂ ಸೇರಿ ಬೀಳುತ್ತದೆ.