ಮೀನಿನಕ್ಕ ತಂದ ಸುದ್ದಿ

ಮುಂಬಯಿ ಬಳಿಯ ನೆರೂಳದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದ ಅವರನ್ನು ನಾವು ಮೀನಿನಕ್ಕ ಎನ್ನುತ್ತಿದ್ದೆವು. ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸದೆ ಯಾರಿಗೂ ಮೀನು ಕೊಟ್ಟವರಲ್ಲ. ಗಿರಾಕಿಗಳೊಡನೆ ಮರಾಠಿ, ನಮ್ಮೊಡನೆ ಕರಾವಳಿಯ ಕನ್ನಡ. ಯಾವ ಮಾತಿಗೂ ಕೊನೆಯಲ್ಲಿ, "ಕೇಳಿದ್ರೆ ಗೊತ್ತಾಗ್ತದೆ ಮಾರಾಯ್ರೆ" ಎನ್ನುವರು.

ಅವರ ಊರಿನೆದುರು ಕಡಲಿನಲ್ಲಿ ಒಂದು ಸಣ್ಣ ದ್ವೀಪವಿದೆ. ಅಮ್ಮನ ಅಜ್ಜಿ ಅಲ್ಲಿಯ ಮೀನುಗಾರರ ಮಗಳು. ಮನೆಯವರ ಮಾತು ಮೀರಿ ಮದುವೆಯಾಗಿ ಮುಂಬಯಿಗೆ ಬಂದವಳು ತಿರುಗಿ ಹೋಗಲೇ ಇಲ್ಲ. ಅಲ್ಲಿಯವರು ಅವಳ ಹೆಸರನ್ನೂ ಎತ್ತುವುದಿಲ್ಲವೆಂದು ಅಮ್ಮ ಒಮ್ಮೆ ಮೀನು ಆರಿಸುತ್ತಾ ಹೇಳಿಬಿಟ್ಟಳು.

"ನೀವು ಹೋಗಿ ಕೇಳಿದ್ದುಂಟಾ? ಕೇಳಿದ್ರೆ ಗೊತ್ತಾಗ್ತದೆ" ಎಂದರು ಮೀನಿನಕ್ಕ.

ಮುಂದಿನ ಸಲ ಊರಿಗೆ ಹೋದಾಗ ಮಂಡಿನೋವಿನಲ್ಲೂ ದೋಣಿ ಹತ್ತಿ ದ್ವೀಪಕ್ಕೆ ಹೋಗಿ ಮನೆಮನೆಯಲ್ಲೂ ವಿಚಾರಿಸಿದರು. ಹಿಂತಿರುಗಿದ ದಿನವೇ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದರು:

"ನಿಮ್ಮ ಅಜ್ಜಿಯ ತಮ್ಮನ ಸೊಸೆ ಇದ್ದಾರೆ. ವರ್ಷಕ್ಕೊಮ್ಮೆ ತೀರಿಹೋದವರಿಗೆ ಬಡಿಸ್ತಾರಲ್ಲ, ಆಗ ನಿಮ್ಮ ಅಜ್ಜಿಗೂ ಒಂದು ಎಲೆ ಹಾಕ್ತಾರಂತೆ. ಒಂದು ವರ್ಷವೂ ತಪ್ಪಿಸಲಿಲ್ಲಂತೆ."

ಅಮ್ಮ ಮೆಲ್ಲಗೆ ಕೇಳಿದಳು: "ಎಲೆಗೆ ಏನು ಬಡಿಸ್ತಾರೆ?"

"ಬಂಗುಡೆ ಮೀನಿನ ಗಸಿ, ಕಾಯಿ ಅರೆದು ಮಾಡಿದ್ದು. ನಿಮ್ಮ ಅಜ್ಜಿಗೆ ಅದೇ ಇಷ್ಟ ಇತ್ತಂತೆ."

ಅಮ್ಮ ಅವರ ಕೈಹಿಡಿದು ಒಳಗೆ ಕರೆತಂದಳು. ಊಟ ಮಾಡಿಸದೆ ಕಳಿಸಲಿಲ್ಲ.

ಈ ವರ್ಷದಿಂದ ದ್ವೀಪದವರು ಬಡಿಸುವ ದಿನವೇ ನಾವೂ ಬಡಿಸುತ್ತೇವೆ. ಅಜ್ಜಿಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಇರುತ್ತದೆ. ಮೀನಿನಕ್ಕ ತೀರಿಕೊಂಡು ಎಂಟು ತಿಂಗಳಾಯಿತು.