ಗಡಿಯಾಚೆಯ ಫ್ಲ್ಯಾಟಿನಲ್ಲಿ ಹಾಲು ಉಕ್ಕಿಸಿದ್ದು

ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಮನೆಯಿಂದ ಹೊರಡುವಾಗಲೇ ಮಗಳು ಇಲ್ಲಿಯವರ ಹಾಗೆ ಕೊನೆಗೊಂದು "ಲಾ" ಸೇರಿಸಿ ಎಚ್ಚರಿಸಿದಳು: "ಅಮ್ಮಾ, ಪ್ಲೀಸ್, ಡೋಂಟ್ ಫೈಟ್ ಲಾ." ನಾನೇನು ಜಗಳಕ್ಕೆ ಹೊರಟಿರಲಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ದೋಸೆ ಅಂಗಡಿ ಇಟ್ಟಿರುವ ಪುಷ್ಪಾಳ ಜೊತೆ ಅವಳ ಹೊಸ ಫ್ಲ್ಯಾಟ್ ನೋಡಿಬರಲು ಹೊರಟಿದ್ದೆ. ಅವಳಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆ. ಬದಲಿಗೆ ಗೃಹ ಮಂಡಳಿಯವರು ಅಗ್ಗದ ಬಾಡಿಗೆಯ ಮನೆ ಕಟ್ಟಿದ್ದಾರೆ. ಎಲ್ಲಿ? ಪಕ್ಕದ ರಾಜ್ಯದಲ್ಲಿ! ನಿಲಾಯ್ ಪಟ್ಟಣಕ್ಕಿಂತ ಈಚೆ, ಗಡಿ ದಾಟಿದ ಕೂಡಲೇ. ಅಲ್ಲಿ ಜಾಗ ಅಗ್ಗವಂತೆ. ಅಂದು ಸಂಜೆಯೊಳಗೆ ಅವಳು ಒಪ್ಪದಿದ್ದರೆ ಮನೆ ಸರದಿಯಲ್ಲಿ ಮುಂದಿನವರಿಗೆ ಹೋಗುತ್ತಿತ್ತು.

ಕೆಎಲ್ ಸೆಂಟ್ರಲ್‌ನಲ್ಲಿ ರೈಲು ಬದಲಿಸಿ ಬಾಂಗಿಯಲ್ಲಿ ಇಳಿದೆವು. ಟಿಕೆಟ್ಟಿಗೆ ಐದಾರು ರಿಂಗಿಟ್. ದಾರಿಯುದ್ದಕ್ಕೂ ಪುಷ್ಪಾಳ ಮಡಿಲಲ್ಲಿ ಒಂದು ಚೀಲ: ಪುಟ್ಟ ಗ್ಯಾಸ್ ಒಲೆ, ಪಾತ್ರೆ, ಹಾಲು. ತಮಿಳರಲ್ಲೂ ನಮ್ಮ ಹಾಗೆಯೇ, ಹಾಲು ಉಕ್ಕಿಸದೆ ಹೊಸ ಮನೆಗೆ ಕಾಲಿಡುವುದಿಲ್ಲ.

"ಮೊದಲು ನೋಡೋಣ ಕಣೇ, ಹಾಲು ಆಮೇಲೆ," ಎಂದೆ.

"ಬರಿಗೈಲಿ ಹೋಗಬಾರದು ಅಕ್ಕ," ಎಂದಳು. ಅವಳದು ತಮಿಳು, ನನ್ನದು ಕನ್ನಡ. ಹತ್ತು ವರ್ಷದಿಂದ ನಮ್ಮ ಮಾತು ಹೀಗೇ ನಡೆದಿದೆ.

ಬಾಂಗಿಯಿಂದ ನಮ್ಮ ರಾಜ್ಯದ ಉಚಿತ ಬಸ್ಸು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಏಸಿ. ಒಂದು ಹಳ್ಳದ ಸೇತುವೆಯ ಬಳಿ ಚಾಲಕ ಬಸ್ಸು ತಿರುಗಿಸಿ ನಿಲ್ಲಿಸಿಯೇಬಿಟ್ಟ. ಫ್ಲ್ಯಾಟುಗಳು ಆಚೆ ಕಾಣುತ್ತಲೇ ಇದ್ದವು!

"ಅಲ್ಲೀವರೆಗೆ ಬಿಡಪ್ಪ," ಎಂದೆ.

"ಇಲ್ಲಿಗೆ ಮುಗೀತು ಲಾ ಆಂಟಿ. ಆ ಕಡೆ ಬೇರೆ ರಾಜ್ಯ."

"ಅವರ ಬಸ್ಸು?"

"ಅದು ಈ ಕಡೆ ಬರಲ್ಲ."

ಮನೆ ಗಡಿ ದಾಟಬಹುದು, ಬಸ್ಸು ದಾಟಬಾರದು! ನನಗೆ ಮೈಯೆಲ್ಲ ಉರಿದುಹೋಯಿತು. ನೆರಳಿಲ್ಲದ ಡಾಂಬರು ರಸ್ತೆಯಲ್ಲಿ ಇಬ್ಬರೂ ನಡೆದೇ ಹೋದೆವು.

ಮನೆ ಕೆಟ್ಟದಾಗಿದ್ದಿದ್ದರೆ ಬೈದು ಬರಬಹುದಿತ್ತು. ಚೆನ್ನಾಗಿತ್ತು, ಹಾಳಾದ್ದು! ಮೂರು ಕೋಣೆ, ಒಳ್ಳೆಯ ಗಾಳಿ, ನಲ್ಲಿಯಲ್ಲಿ ಧಾರಾಳ ನೀರು. ಪುಷ್ಪಾ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದಳು. ಮಂಡಳಿಯ ಅಧಿಕಾರಿ, ತಮಿಳು ಬಲ್ಲವನೇ, ಬೀಗದ ಕೈ ಹಿಡಿದು ನಿಂತಿದ್ದ.

"ಇನ್ನೂ ಬೆಳಕು ಹರಿಯೋ ಮೊದಲೇ ಇವಳ ಕಾವಲಿ ಕಾದಿರಬೇಕು," ಎಂದೆ ನನ್ನ ಹರಕು ತಮಿಳಿನಲ್ಲಿ. "ಆ ಹೊತ್ತಿಗೆ ಇಲ್ಲಿಂದ ಅಂಗಡಿಗೆ ಹೇಗೆ ಬರ್ತಾಳೆ?"

"ಬಸ್ಸಿನ ವಿಷಯ ನಮಗೆ ಸೇರಿದ್ದಲ್ಲ ಮೇಡಂ. ಮನೆ ಕೇಳಿದ್ರು, ಕೊಟ್ಟಿದ್ದೀವಿ."

"ಇಲ್ಲೇ ಕೆಳಗೆ ಅಂಗಡಿ ಹಾಕಲಾ?" ಪುಷ್ಪಾ ಮೆಲ್ಲಗೆ ಕೇಳಿದಳು.

"ನಿಮ್ಮ ಲೈಸೆನ್ಸ್ ಆ ರಾಜ್ಯದ್ದು. ಇಲ್ಲಿ ನಡೆಯಲ್ಲ. ಹೊಸದಾಗಿ ಕೇಳ್ಕೊಂಡು ಕಾಯಬೇಕು."

ನಾನು ಸಿಡಿದೆ. "ಅಲ್ರೀ, ಮಲಗೋಕೆ ಒಂದು ರಾಜ್ಯ, ದುಡಿಯೋಕೆ ಇನ್ನೊಂದಾ? ನೀವು ಇಲ್ಲಿಗೆ ಹೇಗೆ ಬಂದ್ರಿ?"

"ಕಾರಲ್ಲಿ," ಎಂದ, ಒಂದಿಷ್ಟೂ ಸಂಕೋಚವಿಲ್ಲದೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಕನ್ನಡದಲ್ಲೇ ಬೈದೆ.

ಪುಷ್ಪಾ ನನ್ನ ತೋಳು ಹಿಡಿದಳು. "ಸಾಕು ಅಕ್ಕ. ಕೋಪ ಮಾಡ್ಕೊಂಡು ಹೋಗಿ ಮಲಗೋಕೆ ನಿಮಗೆ ಮನೆ ಇದೆ. ಮುಂದಿನ ವಾರ ನನ್ನದು ಕೆಡವ್ತಾರೆ."

ಅವಳು ಸಹಿ ಹಾಕಿ ಬೀಗದ ಕೈ ಇಸಕೊಂಡಳು, ಅಡುಗೆಮನೆಯಲ್ಲಿ ಒಲೆ ಹಚ್ಚಿದಳು. ಹಾಲು ಪೂರ್ವದ ಕಡೆಗೇ ಉಕ್ಕಿತು. ಆ ಅಧಿಕಾರಿಗೂ ಒಂದು ಲೋಟ ಕೊಟ್ಟಳು, ಪುಣ್ಯಾತ್ಗಿತ್ತಿ! ನನ್ನ ಲೋಟವನ್ನು ಮಾತ್ರ ನಾನು ಕಟ್ಟೆಯ ಮೇಲೇ ಬಿಟ್ಟೆ.

ವಾಪಸು ರೈಲಿನಲ್ಲಿ ನಾನು ಎರಡೂ ರಾಜ್ಯದವರಿಗೆ ಬಾಯಿತುಂಬ ಹಿಡಿಶಾಪ ಹಾಕುತ್ತಿದ್ದೆ. ಪುಷ್ಪಾ ಕೇಳಿಸಿಕೊಳ್ಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ತೆಗೆದು, ಅಂಗಡಿ ಪಕ್ಕದ ಮಾಮಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನವನಿಗೆ ಕರೆ ಮಾಡಿದಳು. ಅವಳ ಪಳಗಿದ ಕಾವಲಿಯನ್ನು ಆತ ಎಷ್ಟೋ ಸಲ ಕೇಳಿದ್ದ. ಮುಟ್ಟಲೂ ಬಿಟ್ಟಿರಲಿಲ್ಲ ಇವಳು.

"ಭಾಯ್, ಕಾವಲಿ ಬೇಕು ಅಂದಿದ್ರಲ್ಲ, ಭಾನುವಾರ ಬಂದು ತಗೊಂಡು ಹೋಗಿ," ಎಂದಳು. ತುಸು ತಡೆದು ಮತ್ತೆ ಹೇಳಿದಳು: "ಸೋಪು ಹಾಕಿ ಮಾತ್ರ ತೊಳೀಬೇಡಿ."